ಆಟ ಮತ್ತು ಆಖ್ಯಾನ: ಸ್ಟಾರ್ ವಾರ್ಸ್ ಚಿತ್ರಮಾಲೆಯಿಂದ ಹುಟ್ಟಿದ ಹಳೆಯ ವಿಡಿಯೊ ಆಟಗಳ ವಿಮರ್ಶೆ

ಇಂಡಿ ತಾಲೂಕಿನ ಲಚ್ಯಾಣದಲ್ಲಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಾಗಲಿ ‘ಆಟ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಒಂದೇ ಸಮನಾಗಿ ರೂಢಿಯಲ್ಲಿರುವುವು. ಇರುಳೆಲ್ಲ ನಡೆಯುವ ದೊಡ್ಡಾಟವೂ ಸಣ್ಣಾಟವೂ ಶ್ರೀಕೃಷ್ಣ ಪಾರಿಜಾತವೂ ಆಟ. ಕಟ್ಟೆಯ ಕಲ್ಲಿನಲ್ಲಿ ಗೆರೆ ಕೊರೆದು ಆಡುವ ಹುಲಿ-ಕುರಿಯೂ ಬಯಲಿನಲ್ಲಿ ಹುಡುಗರು ಆಡುವ ಚಿಣಿಪಣಿಯೂ ಆಟ. ವೇಷ ಕಟ್ಟಿದವನೂ ಆಡುವವನೇ, ಕಾಯಿ ನಡೆಸುವವನೂ ಆಡುವವನೇ. ಈ ಸಾಮ್ಯವು ಕೇವಲ ಹಳ್ಳಿಯ ಮಾತಿನ ಸಡಿಲತೆಯೆಂದು ಭಾವಿಸಲಾಗದು. ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನಲ್ಲಿಗೆ ಹೋಗಿ ಬೇಡಿದುದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಒಂದು ಕ್ರೀಡನೀಯಕವನ್ನು, ಎಂದರೆ ಆಟಿಕೆಯನ್ನು. ಬ್ರಹ್ಮನು ಅವರಿಗೆ ಕೊಟ್ಟುದು ನಾಟ್ಯವೇದವನ್ನು. ಕಾಣುವ, ಕೇಳುವ ಆಟಿಕೆಯೆಂಬ ಆ ಲಕ್ಷಣವು ಅಕ್ಷರಶಃ ಹೊಂದುವ ವಸ್ತುವೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿತು. ಅದೇ ವಿಡಿಯೊ ಆಟ.

ಈ ಆಟಗಳಲ್ಲಿ ಬಹುಭಾಗವು ಸಾಹಿತ್ಯವಿಮರ್ಶೆಗೆ ವಿಷಯವಾಗತಕ್ಕುದಲ್ಲ. ತೆರೆಯ ಮೇಲೆ ಚೆಂಡನ್ನು ಅತ್ತಿತ್ತ ತಟ್ಟುವ ಆಟದಲ್ಲಿ ಕೌಶಲವಿರಬಹುದು, ಕಥೆಯಿಲ್ಲ. ಆದರೆ ಜನಜನಿತವಾದ ಒಂದು ಆಖ್ಯಾನವನ್ನು ಎತ್ತಿಕೊಂಡು ಆಟವನ್ನು ಕಟ್ಟಿದಾಗ, ಪ್ರಖ್ಯಾತವಾದ ಇತಿವೃತ್ತವನ್ನು ಕವಿಯು ಹೇಗೆ ಬಳಸಿದನೆಂಬ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದುರಾಗುವುದು. ಈ ಬಗೆಯ ಆಟಗಳಲ್ಲಿ ಸಂಖ್ಯೆಯಿಂದಲೂ ಜನಪ್ರೀತಿಯಿಂದಲೂ ಮುಂದಿರುವುವು ಅಮೆರಿಕದ ಜಾರ್ಜ್ ಲ್ಯೂಕಸನ ‘ಸ್ಟಾರ್ ವಾರ್ಸ್’ ಚಿತ್ರಮಾಲೆಯನ್ನು ಆಶ್ರಯಿಸಿದುವು. ಆ ಮಾಲೆಯ ಮೊದಲ ಮೂರು ಚಿತ್ರಗಳು 1977, 1980 ಮತ್ತು 1983ರಲ್ಲಿ ಹೊರಬಂದುವು. ಕಥೆಯು ಸರಳವಾದುದು. ಮರಳುಗಾಡಿನ ಗ್ರಹವೊಂದರಲ್ಲಿ ಬೇಸಾಯದ ಮನೆಯಲ್ಲಿ ಬೆಳೆದ ಲ್ಯೂಕನೆಂಬ ತರುಣನು ಓಬಿ-ವಾನ್ ಎಂಬ ವೃದ್ಧನಿಂದ ‘ಫೋರ್ಸ್’ ಎಂಬ ವಿಶ್ವವ್ಯಾಪಿಯಾದ ಶಕ್ತಿಯ ದೀಕ್ಷೆ ಪಡೆದು, ನಕ್ಷತ್ರಲೋಕಗಳನ್ನು ಆಳುವ ಕ್ರೂರ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದವರನ್ನು ಕೂಡುವನು. ಗ್ರಹಗಳನ್ನೇ ಸಿಡಿಸಬಲ್ಲ ‘ಡೆತ್ ಸ್ಟಾರ್’ ಎಂಬ ಕೃತಕಗೋಲವನ್ನು ನಾಶಮಾಡುವನು. ಸಾಮ್ರಾಜ್ಯದ ದಂಡನಾಯಕನಾದ ಡಾರ್ತ್ ವೇಡರನೇ ತನ್ನ ತಂದೆಯೆಂದು ಅರಿಯುವನು. ಕಡೆಗೆ ಆ ತಂದೆಯನ್ನು ಸನ್ಮಾರ್ಗಕ್ಕೆ ತರುವನು. ಗುರು, ದೀಕ್ಷೆ, ವಂಶರಹಸ್ಯ, ಧರ್ಮಯುದ್ಧ ಇವೆಲ್ಲ ಪುರಾಣ ಕೇಳಿ ಬೆಳೆದವರಿಗೆ ಅಪರಿಚಿತವಲ್ಲ.

ಇಂಥ ಆಟಗಳನ್ನು ಕಾವ್ಯದ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಶಾಸ್ತ್ರಜ್ಞರಿಂದ ಒಂದು ಪ್ರಬಲವಾದ ಆಕ್ಷೇಪ ಬರುವುದು ಸಹಜ. ಅಭಿನವಗುಪ್ತನು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳಿರುವನು. ಅವುಗಳಲ್ಲಿ ಒಂದು ನಿಜಸುಖಾದಿವಿವಶೀಭಾವ, ಎಂದರೆ ತನ್ನ ಸ್ವಂತ ಸುಖದುಃಖಗಳಲ್ಲಿಯೇ ಮುಳುಗಿ ಮನಸ್ಸು ಪರವಶವಾಗಿರುವುದು. ಮನೆಯಲ್ಲಿ ಸಾಲಗಾರನನ್ನು ಕೂರಿಸಿ ನಾಟಕಕ್ಕೆ ಬಂದವನಿಗೆ ಶಾಕುಂತಲದ ನಾಲ್ಕನೆಯ ಅಂಕವೂ ರುಚಿಸದು. ಆಡುವವನ ಸ್ಥಿತಿಯಾದರೋ ಇದಕ್ಕಿಂತಲೂ ಕಷ್ಟದ್ದು. ಅವನ ಗೆಲವು ಸೋಲುಗಳು ಆ ಕ್ಷಣದಲ್ಲಿ ಅವನವೇ ಆಗಿರುವುವು. ಲ್ಯೂಕನ ಭಯವಲ್ಲ, ತನ್ನ ಅಂಕಗಳು ಹೋದಾವೆಂಬ ಭಯ ಅವನನ್ನು ಹಿಡಿದಿರುವುದು. ಲೌಕಿಕವಾದ ಇಂಥ ಭಾವದಿಂದ ಅಲೌಕಿಕವಾದ ರಸವು ಹೇಗೆ ಹುಟ್ಟೀತು? ಪಗಡೆಯಾಡಿದ ಧರ್ಮರಾಯನಿಗೆ ಪಗಡೆಯಿಂದ ರಸವುಂಟಾಗಲಿಲ್ಲ. ಅವನ ಪಗಡೆಯನ್ನು ಓದಿದವರಿಗೆ ಉಂಟಾಯಿತು.

ಆಕ್ಷೇಪವು ಬಲವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಟದಲ್ಲಿ ಅರ್ಥವು ಎಲ್ಲಿರುವುದೆಂಬುದನ್ನು ವಿಚಾರಿಸದೆಯೇ ಅದು ನಿರ್ಣಯಕ್ಕೆ ಬಂದುಬಿಡುವುದು. ಕರ್ನಾಟಕದ ಮನೆಗಳಲ್ಲಿ ಬಳಕೆಯಲ್ಲಿದ್ದ ಎರಡು ಹಳೆಯ ಆಟಗಳನ್ನು ನೋಡಬಹುದು. ದಶಾವತಾರದ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು. ಚಿತ್ರಗಳು ಮನೋಹರವಾಗಿರುವುವು. ಆದರೆ ಮತ್ಸ್ಯನ ಎಲೆಗಳಿಗೆ ವಾಮನನ ಹೆಸರನ್ನಿಟ್ಟು ಆಡಿದರೆ ಆಟದಲ್ಲಿ ಏನೂ ಕೆಡುವುದಿಲ್ಲ. ಪ್ರಳಯಜಲವಾಗಲಿ ಮೂರು ಹೆಜ್ಜೆಗಳಾಗಲಿ ಎಲೆಯ ನಡೆಯಲ್ಲಿಲ್ಲ. ಪರಮಪದಸೋಪಾನಪಟದ ರೀತಿ ಬೇರೆ. ಅಲ್ಲಿ ಸದ್ಗುಣವು ಏಣಿ, ದುರ್ಗುಣವು ಹಾವು. ಮನೆಯೊಳಗಿನ ಬರಹವನ್ನೆಲ್ಲ ಅಳಿಸಿದರೂ ಮೆಲ್ಲನೆ ಏರಿದವನು ಒಂದೇ ಕ್ಷಣದಲ್ಲಿ ಜಾರುವನೆಂಬ ಅರ್ಥವು ನಡೆಯಲ್ಲಿಯೇ ಉಳಿಯುವುದು. ಮೊದಲನೆಯದರಲ್ಲಿ ಕಥೆಯು ಆಟದ ಮೇಲೆ ಹೊದಿಸಿದ ವಸ್ತ್ರ. ಎರಡನೆಯದರಲ್ಲಿ ಕಥೆಯೇ ಆಟದ ನಿಯಮ. ಹೆಸರನ್ನೂ ಚಿತ್ರವನ್ನೂ ಅಳಿಸಿದ ಮೇಲೆ ಆಖ್ಯಾನದ ಅರ್ಥವು ನಿಯಮದಲ್ಲಿ ಉಳಿಯುವುದೋ ಇಲ್ಲವೋ ಎಂಬ ಈ ಒರೆಗಲ್ಲಿಗೆ ಸ್ಟಾರ್ ವಾರ್ಸ್ ಆಟಗಳನ್ನು ಉಜ್ಜಿ ನೋಡಿದರೆ ಅವುಗಳ ತಾರತಮ್ಯವು ತಾನಾಗಿ ಹೊರಬೀಳುವುದು. ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಡಿದವನಿಗೆ ಅದು ತೋರುವುದು. ಆನಂದವರ್ಧನನ ಪರಿಭಾಷೆಯಲ್ಲಿ ಅದು ವಾಚ್ಯವಲ್ಲ, ವ್ಯಂಗ್ಯ.

ಕಾಲಕ್ರಮದಲ್ಲಿ ಮೊದಲನೆಯದು 1982ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’. ಅದೇ ಹೆಸರಿನ ಎರಡನೆಯ ಚಿತ್ರವನ್ನು ಆಶ್ರಯಿಸಿದ ಇದನ್ನು ಪಾರ್ಕರ್ ಬ್ರದರ್ಸ್ ಎಂಬ ಸಂಸ್ಥೆಯು ಹೊರತಂದಿತು. ಹಾಸಿನ ಮೇಲೆ ಕಾಯಿ ನಡೆಸುವ ಆಟಗಳಿಗೆ ಹೆಸರಾದ ಸಂಸ್ಥೆ ಅದು. ರಚಿಸಿದವನು ರೆಕ್ಸ್ ಬ್ರಾಡ್‌ಫರ್ಡ್. ಇದನ್ನು ನಡೆಸುತ್ತಿದ್ದ ಅಟಾರಿ 2600 ಎಂಬ ಯಂತ್ರದಲ್ಲಿ ನೆನಪಿನ ಸ್ಥಳವು ಕೇವಲ 128 ಬೈಟುಗಳು. ಒಂದು ಕಂದಪದ್ಯದ ಅಕ್ಷರಗಳನ್ನು ಕನ್ನಡ ಲಿಪಿಯಲ್ಲಿ ಇಡುವುದಕ್ಕೂ ಅದು ಸಾಲದು. ಇಷ್ಟರಲ್ಲಿ ಮುಖಗಳನ್ನಾಗಲಿ ಸಂವಾದವನ್ನಾಗಲಿ ತೋರಿಸುವುದು ಅಶಕ್ಯವಾದುದರಿಂದ ರಚನಕಾರನು ಚಿತ್ರದ ಒಂದೇ ಸನ್ನಿವೇಶವನ್ನು ಆರಿಸಿಕೊಂಡನು. ಹಾತ್ ಎಂಬ ಹಿಮಲೋಕದಲ್ಲಿ ದಂಗೆಕಾರರ ಬೀಡಿನ ಮೇಲೆ ಸಾಮ್ರಾಜ್ಯದ ನಾಲ್ಕು ಕಾಲಿನ ಬೃಹದ್ಯಂತ್ರಗಳು ನಡೆದುಬರುತ್ತಿರುವುವು. ಆಡುವವನು ಸಣ್ಣ ವಿಮಾನವೊಂದರಲ್ಲಿ ಹಾರುತ್ತ ಅವುಗಳನ್ನು ತಡೆಯಬೇಕು. ಒಂದೊಂದು ಯಂತ್ರಕ್ಕೂ ಹಲವು ಪೆಟ್ಟುಗಳು ಬೀಳಬೇಕು. ಪೆಟ್ಟು ಬಿದ್ದಂತೆ ಅದರ ಬಣ್ಣ ಬದಲಾಗುವುದು. ವಿಮಾನವು ಜಖಂಗೊಂಡರೆ ಕಣಿವೆಯಲ್ಲಿ ಇಳಿಸಿ ಸರಿಪಡಿಸಿಕೊಳ್ಳಬಹುದು. ಆದರೆ ಆ ವೇಳೆಯಲ್ಲಿಯೂ ಯಂತ್ರಗಳು ನಡೆಯುತ್ತಲೇ ಇರುವುವು.

ಈ ಆಟದಲ್ಲಿ ಗೆಲವೇ ಇಲ್ಲ. ಒಂದು ಸಾಲನ್ನು ಕೆಡವಿದರೆ ಇನ್ನೊಂದು ಬರುವುದು. ವಿಮಾನಗಳೆಲ್ಲ ತೀರಿದಾಗ, ಇಲ್ಲವೆ ಯಂತ್ರವೊಂದು ಬೀಡಿನ ವಿದ್ಯುದಾಗಾರವನ್ನು ಮುಟ್ಟಿದಾಗ ಆಟ ಮುಗಿಯುವುದು. ದಶರೂಪಕಕಾರನಾದ ಧನಂಜಯನು ಹೇಳುವ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳಲ್ಲಿ ಇದಕ್ಕೆ ಮೊದಲಿನ ಎರಡು ಮಾತ್ರ. ಆ ಕಾಲದ ಅನೇಕ ಆಟಗಳಿಗೆ ಇದು ಸಾಮಾನ್ಯವೆಂಬುದು ನಿಜ. ಯಂತ್ರದ ಬಡತನವೇ ಇದಕ್ಕೆ ಅರ್ಧ ಕಾರಣ. ಆದರೂ ಈ ಸನ್ನಿವೇಶಕ್ಕೆ ಆ ಬಡತನವು ಅಳವಟ್ಟಂತೆ ಮತ್ತಾವುದಕ್ಕೂ ಅಳವಟ್ಟಿಲ್ಲ. ಚಿತ್ರದಲ್ಲಿಯೂ ಹಾತ್‌ನ ಕದನವು ಗೆಲ್ಲುವುದಕ್ಕಾಗಿ ಹೂಡಿದುದಲ್ಲ. ಉಳಿದವರು ತಪ್ಪಿಸಿಕೊಳ್ಳುವವರೆಗೆ ಹೊತ್ತು ಕಳೆಯುವುದಕ್ಕಾಗಿ ಹೂಡಿದುದು. ಹಿಮ್ಮೆಟ್ಟುತ್ತಿರುವ ವೀರನ ಸ್ಥಿತಿಯು ಬಣ್ಣದ ನಾಲ್ಕು ಚೌಕಗಳಿಂದ ಇಷ್ಟು ಚೆನ್ನಾಗಿ ಮೂಡಿರುವುದು ಆಶ್ಚರ್ಯದ ಸಂಗತಿ. ಕೊರತೆಯೊಂದುಂಟು: ತಪ್ಪಿಸಿಕೊಂಡು ಹೋಗುವವರು ಇಲ್ಲಿ ಕಾಣುವುದಿಲ್ಲ. ಯಾರಿಗಾಗಿ ಹೊತ್ತು ಕಳೆಯುತ್ತಿರುವೆನೆಂಬುದು ಚಿತ್ರ ನೋಡಿದವನಿಗೆ ಮಾತ್ರ ತಿಳಿದೀತು. ಆಶ್ರಯವಾದ ಕಾವ್ಯವನ್ನು ನೆನಪಿನಲ್ಲಿಟ್ಟುಕೊಂಡವನಿಗೆ ಮಾತ್ರ ಪೂರ್ಣವಾಗುವ ಕೃತಿಯಿದು.

ಮರುವರ್ಷ, ಎಂದರೆ 1983ರಲ್ಲಿ, ಅಟಾರಿ ಸಂಸ್ಥೆಯವರು ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ರೂಪದಲ್ಲಿ ‘ಸ್ಟಾರ್ ವಾರ್ಸ್’ ಆಟವನ್ನು ಹೊರತಂದರು. ಮೈಕ್ ಹ್ಯಾಲಿ ಅದರ ರಚನೆಯ ಮುಖ್ಯಸ್ಥ. ಇದರ ಚಿತ್ರಗಳು ತುಂಬುಬಣ್ಣದವಲ್ಲ. ಗಾಜಿನ ಮೇಲೆ ಬೆಳಕಿನ ಕಿರಣವೇ ಗೆರೆಗಳನ್ನು ಎಳೆಯುತ್ತ ಹೋಗುವುದು, ಕಪ್ಪು ನೆಲದ ಮೇಲೆ ರಂಗವಲ್ಲಿ ಹಾಕಿದಂತೆ. ಚಿತ್ರದಲ್ಲಿನ ನಟರ ದನಿಗಳೇ ತುಣುಕುತುಣುಕಾಗಿ ಕೇಳುವುವು. ಆಡುವವನು ವಿಮಾನದೊಳಗೆ ಕುಳಿತಂತೆ ಕುಳಿತು, ಕೈಹಿಡಿಗಳನ್ನು ತಿರುಗಿಸುತ್ತ, ಆಕಾಶದಲ್ಲಿ ಶತ್ರುವಿಮಾನಗಳೊಡನೆ ಕಾದಾಡಿ, ಡೆತ್ ಸ್ಟಾರಿನ ಮೈಮೇಲಿನ ಗೋಪುರಗಳನ್ನು ದಾಟಿ, ಕಡೆಗೆ ಆಳವಾದ ಕಂದಕದಲ್ಲಿ ನುಗ್ಗಿ, ಅದರ ತುದಿಯ ಸಣ್ಣ ರಂಧ್ರಕ್ಕೆ ಗುರಿಯಿಡಬೇಕು. ನಾಯಕನ ಮುಖವು ಎಲ್ಲಿಯೂ ಕಾಣುವುದಿಲ್ಲ. ಅವನು ಕಂಡುದು ಮಾತ್ರ ಕಾಣುವುದು. ವಿಭಾವಾದಿಗಳು ಇವನದು ಅವನದು ಎಂಬ ಹಂಗನ್ನು ಕಳೆದುಕೊಂಡು ಸಾಧಾರಣವಾಗುವುವೆಂದು ಭಟ್ಟನಾಯಕನು ಹೇಳಿದುದಕ್ಕೆ ಇಲ್ಲಿ ಯಂತ್ರವೇ ಒಂದು ಉಪಾಯ ಮಾಡಿರುವುದು. ಔಚಿತ್ಯಕ್ಕೂ ಭಂಗವಿಲ್ಲ: ಡಾರ್ತ್ ವೇಡರನ ವಿಮಾನಕ್ಕೆ ಎಷ್ಟು ಗುಂಡು ತಾಗಿದರೂ ಅದು ತಿರುಗಿ ದೂರ ಸರಿಯುವುದೇ ಹೊರತು ನಾಶವಾಗದು. ಮುಂದಿನ ಚಿತ್ರಗಳಲ್ಲಿ ಬದುಕಿರಬೇಕಾದವನನ್ನು ಕೊಲ್ಲುವ ಅಧಿಕಾರವನ್ನು ಆಡುವವನಿಗೆ ಕೊಡಲಿಲ್ಲ.

ಈ ಆಟದ ಜೀವವು ಕಂದಕದ ಭಾಗದಲ್ಲಿರುವ ಒಂದು ನಿಯಮ. ಚಿತ್ರದ ಕೊನೆಯಲ್ಲಿ ಗುರುವಿನ ದನಿಯನ್ನು ಕೇಳಿ ಲ್ಯೂಕನು ಗುರಿತೋರುವ ಗಣಕಯಂತ್ರವನ್ನು ಆರಿಸಿ, ಅಂತರಂಗದ ಶಕ್ತಿಯನ್ನು ನಂಬಿ ಅಸ್ತ್ರವನ್ನು ಬಿಡುವನು. ಇಡೀ ಚಿತ್ರದ ತಿರುಳು ಆ ಒಂದು ತ್ಯಾಗದಲ್ಲಿದೆ. ಇದನ್ನು ಆಟವಾಗಿಸುವುದು ಹೇಗೆ? ಗುರಿಯ ಗುರುತನ್ನು ತೆರೆಯಿಂದ ಅಳಿಸಬಹುದಾಗಿತ್ತು. ಅದು ಬರಿಯ ತೊಡಕಾಗುತ್ತಿತ್ತು. ರಚನಕಾರರು ಬೇರೆ ದಾರಿ ಹಿಡಿದರು. ಕಂದಕದ ಉದ್ದಕ್ಕೂ ಫಿರಂಗಿಗಳು ಬೆಂಕಿಯುಗುಳುತ್ತಿದ್ದರೂ ಒಂದಕ್ಕೂ ಎದುರು ಹೊಡೆಯದೆ, ಸಹಿಸುತ್ತ, ಸರಿದಾಡುತ್ತ ಸಾಗಿ, ಕಡೆಯ ರಂಧ್ರಕ್ಕೆ ಮಾತ್ರ ಅಸ್ತ್ರವನ್ನು ಬಿಟ್ಟವನಿಗೆ ಫೋರ್ಸಿನ ಹೆಸರಿನಲ್ಲಿ ವಿಶೇಷಾಂಕಗಳು ದೊರೆಯುವುವು. ಹೊಡೆಯುವುದೇ ಧರ್ಮವಾದ ಆಟದಲ್ಲಿ ಹೊಡೆಯದಿರುವುದಕ್ಕೆ ಮನ್ನಣೆ! ಯಂತ್ರವನ್ನು ಬಿಡುವ ಚಿತ್ರದ ಕ್ರಿಯೆಯು ಇಲ್ಲಿಲ್ಲ. ಆದರೆ ಅದರ ಭಾವವು, ಎಂದರೆ ಕೈಯಲ್ಲಿರುವ ಬಲವನ್ನು ತಡೆಹಿಡಿಯುವ ಸಂಯಮವು, ಆಡುವವನ ಬೆರಳಿಗೇ ಇಳಿದುಬಂದಿದೆ. ಅವನು ಲ್ಯೂಕನ ಸಂಯಮವನ್ನು ನೋಡುವುದಿಲ್ಲ, ತಾನೇ ಸಂಯಮಿಯಾಗಬೇಕಾಗಿದೆ. ಪೂರ್ವಪಕ್ಷಕ್ಕೆ ಉತ್ತರವು ಇಲ್ಲಿಯೇ ದೊರೆಯುವುದು. ಆಡುವವನ ಭಯವು ಅವನದೇ ಎಂಬುದು ನಿಜ. ಆದರೆ ಆ ಭಯವು ನಾಯಕನ ಭಯವಿರಬೇಕಾದ ಸ್ಥಳದಲ್ಲಿ, ಅದೇ ಆಕಾರದಲ್ಲಿ ಹುಟ್ಟುವಂತೆ ನಿಯಮವು ಏರ್ಪಡಿಸಿದೆ. ವಿಘ್ನವೇ ವಿಭಾವವಾಗಿದೆ.

ಮೀಮಾಂಸಕರು ಇದರಲ್ಲಿಯೂ ಒಂದು ಎಡರನ್ನು ಎತ್ತಿಯಾರು: ಅಂಕಗಳ ಆಸೆಯಿಂದ ಮಾಡಿದ ಸಂಯಮವು ಕಾಮ್ಯಕರ್ಮವೇ ಸರಿ, ಲ್ಯೂಕನಿಗೆ ಅಂಥ ಆಸೆಯಿರಲಿಲ್ಲ. ಈ ದೋಷವನ್ನು ಒಪ್ಪಬೇಕು. ಅಂಕವಿಲ್ಲದೆ ಆಟವನ್ನು ಕಟ್ಟುವ ಧೈರ್ಯವು ನಾಣ್ಯದ ಪೆಟ್ಟಿಗೆಗಳಿಗೆ ಇರಲಿಲ್ಲ. ಮೇಲಾಗಿ ಡೆತ್ ಸ್ಟಾರ್ ಸಿಡಿದೊಡನೆ ಇನ್ನೂ ಕಠಿನವಾದ ಮತ್ತೊಂದು ಸುತ್ತು ಪ್ರಾರಂಭವಾಗುವುದರಿಂದ ಫಲಾಗಮದ ವಿಶ್ರಾಂತಿಯು ನಿಲ್ಲುವುದಿಲ್ಲ.

ಇವೆರಡರ ಪಕ್ಕದಲ್ಲಿ 1992ರ ‘ಸೂಪರ್ ಸ್ಟಾರ್ ವಾರ್ಸ್’ ಆಟವನ್ನಿಟ್ಟರೆ ಸಾಮಗ್ರಿ ಹೆಚ್ಚಿದ ಮಾತ್ರಕ್ಕೆ ಅರ್ಥ ಹೆಚ್ಚುವುದಿಲ್ಲವೆಂಬುದು ಸ್ಪಷ್ಟವಾಗುವುದು. ಬಣ್ಣವಿದೆ, ಜಾನ್ ವಿಲಿಯಮ್ಸನ ಸಂಗೀತವಿದೆ, ಸನ್ನಿವೇಶಗಳು ಚಿತ್ರದ ಕ್ರಮದಲ್ಲಿಯೇ ಬರುವಂತೆ ತೋರುವುವು. ಆದರೆ ಮರಳುಗಾಡಿನಲ್ಲಿ ನಡೆಯತೊಡಗಿದ ಲ್ಯೂಕನು ಎಡಬಲಗಳಿಂದ ನೆಗೆದುಬರುವ ಜಂತುಗಳನ್ನು ಗುಂಪುಗುಂಪಾಗಿ ಸುಡುತ್ತ ಸಾಗುವನು; ಮೊದಲ ಘಟ್ಟದ ಕೊನೆಗೆ ಸಾರ್ಲಾಕ್ ಎಂಬ ಮಹಾಜಂತುವನ್ನು ಎದುರಿಸುವನು. ಮೂರನೆಯ ಚಿತ್ರದಲ್ಲಿ ಮರಳಿನ ಕುಳಿಯೊಳಗೆ ಬಾಯಿ ತೆರೆದು ಬಿದ್ದಿರುವ ಆ ಜಂತುವು ಮೊದಲ ಚಿತ್ರದ ಕಥೆಗೆ ಹೇಗೆ ಬಂತೆಂದು ಕೇಳುವಂತಿಲ್ಲ. ಪ್ರಖ್ಯಾತವಸ್ತುವಿನಲ್ಲಿ ನಾಯಕನಿಗಾಗಲಿ ರಸಕ್ಕಾಗಲಿ ವಿರುದ್ಧವಾದುದನ್ನು ಕವಿಯು ಬಿಡಬೇಕು ಇಲ್ಲವೆ ಬೇರೆ ರೀತಿಯಲ್ಲಿ ಕಲ್ಪಿಸಬೇಕು ಎಂದು ಧನಂಜಯನು ವಿಧಿಸಿದನು. ಇಲ್ಲಿ ವಿರುದ್ಧವಾದುದನ್ನೇ ಹೊಸದಾಗಿ ಸೇರಿಸಿದೆ. ಇನ್ನೂ ಲೋಕದ ಅನುಭವವಿಲ್ಲದ ಹುಡುಗನು ಮೊದಲ ಹೆಜ್ಜೆಯಲ್ಲಿಯೇ ಸಂಹಾರಕನಾದ ಮೇಲೆ ಗುರುವಿನಿಂದ ಅವನು ಕಲಿಯಬೇಕಾದುದೇನು? ಹೆಸರುಗಳನ್ನು ಅಳಿಸಿದರೆ ಇದು ಅದೇ ಕಾಲದ ಇನ್ನು ಹತ್ತು ಆಟಗಳಂತೆ ಒಂದು ಆಟ. ಬೆರಳಿನ ಚುರುಕಿಗೆ ಪಂಥವೊಡ್ಡುವ ಅದರ ಕಾಠಿನ್ಯವನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಆ ಮೆಚ್ಚಿಕೆಯು ಗಂಜೀಫದ ಎಲೆಯ ಚಿತ್ರವನ್ನು ಮೆಚ್ಚಿದ ಹಾಗೆ.

ಲ್ಯೂಕಸನ ಸಂಸ್ಥೆಗೇ ಸೇರಿದ ಲ್ಯೂಕಸ್‌ಆರ್ಟ್ಸ್ ಎಂಬ ಶಾಖೆಯು 1993ರಲ್ಲಿ ‘ಎಕ್ಸ್-ವಿಂಗ್’ ಎಂಬುದನ್ನೂ 1994ರಲ್ಲಿ ‘ಟೈ ಫೈಟರ್’ ಎಂಬುದನ್ನೂ ಪ್ರಕಟಿಸಿತು. ಲಾರೆನ್ಸ್ ಹಾಲೆಂಡ್ ಮತ್ತು ಎಡ್ವರ್ಡ್ ಕಿಲ್‌ಹ್ಯಾಮ್ ಇವುಗಳ ಮುಖ್ಯ ರಚನಕಾರರು. ಎರಡೂ ಗಣಕಯಂತ್ರದ ಮೇಲೆ ಯುದ್ಧವಿಮಾನವನ್ನು ನಡೆಸುವ ಆಟಗಳು. ಮೊದಲನೆಯದರಲ್ಲಿ ಆಡುವವನು ದಂಗೆಕಾರರ ಪಕ್ಷದವನು. ಇರುವ ಶಕ್ತಿಯನ್ನು ವೇಗಕ್ಕೆಷ್ಟು, ಆಯುಧಕ್ಕೆಷ್ಟು, ರಕ್ಷಾಕವಚಕ್ಕೆಷ್ಟು ಎಂದು ಪ್ರತಿಕ್ಷಣವೂ ಹಂಚುತ್ತಿರಬೇಕು. ದುರ್ಬಲಪಕ್ಷದ ಮಿತವ್ಯಯವು ಈ ಹಂಚಿಕೆಯಲ್ಲಿ ಚೆನ್ನಾಗಿ ವ್ಯಕ್ತವಾಗುವುದು. ಆದರೆ ವಿಮರ್ಶಕನನ್ನು ನಿಲ್ಲಿಸುವುದು ಎರಡನೆಯದು; ಅದರಲ್ಲಿ ಆಡುವವನು ಸಾಮ್ರಾಜ್ಯದ ಸೈನಿಕನು.

ಪ್ರತಿನಾಯಕನ ಪಕ್ಷದಿಂದ ಕಥೆಯನ್ನು ಹೇಳುವುದು ಕನ್ನಡಕ್ಕೆ ಹೊಸತಲ್ಲ. ಲಚ್ಯಾಣದಿಂದ ದೂರವಲ್ಲದ ಮುಧೋಳದಲ್ಲಿ ಹುಟ್ಟಿದ ರನ್ನನು ಭೀಮನನ್ನು ತನ್ನ ಅರಸನಾದ ಸತ್ಯಾಶ್ರಯನೊಡನೆ ಸಮೀಕರಿಸಿ ಸಾಹಸಭೀಮವಿಜಯವನ್ನು ಬರೆದರೂ, ಓದುಗರ ಮನಸ್ಸಿನಲ್ಲಿ ನಿಂತವನು ದುರ್ಯೋಧನನು. ಕಾವ್ಯದ ನಾಯಕನು ಯಾರೆಂಬ ಚರ್ಚೆಯು ಪಂಡಿತರಲ್ಲಿ ಬಹುಕಾಲ ನಡೆಯಿತು. ಆ ಕಾವ್ಯವನ್ನೇ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಗದಾಯುದ್ಧನಾಟಕವನ್ನಾಗಿಸಿದಾಗ ದುರ್ಯೋಧನನ ದುರಂತವೇ ಅದರ ಮುಖ್ಯವಸ್ತುವಾಯಿತು. ನಾಗಚಂದ್ರನ ರಾವಣನನ್ನೂ ಇಲ್ಲಿ ನೆನೆಯಬಹುದು. ನಾಟ್ಯಶಾಸ್ತ್ರದಲ್ಲಿಯೇ ಇದರ ಬೀಜವಿದೆ. ಇಂದ್ರಧ್ವಜದ ಉತ್ಸವದಲ್ಲಿ ದೇವತೆಗಳ ವಿಜಯವನ್ನು ಆಡಿತೋರಿಸಿದಾಗ ದೈತ್ಯರು ಕೋಪಗೊಂಡು ನಟರ ಮಾತನ್ನೂ ಚಲನವನ್ನೂ ನೆನಪನ್ನೂ ಸ್ತಂಭನಗೊಳಿಸಿದರು. ಆಗ ಬ್ರಹ್ಮನು ಅವರನ್ನು ಕರೆದು, ನಾಟ್ಯವು ಒಂದೇ ಪಕ್ಷದ್ದಲ್ಲ, ಮೂರು ಲೋಕಗಳ ಭಾವದ ಅನುಕೀರ್ತನವೆಂದು ಸಮಾಧಾನಪಡಿಸಿದನು. ‘ಟೈ ಫೈಟರ್’ ಆಟವು ದೈತ್ಯರ ಆ ದೂರಿಗೆ ಸಂದ ಉತ್ತರದಂತಿದೆ.

ಸಾಮ್ರಾಜ್ಯವು ಇಲ್ಲಿ ತನ್ನನ್ನು ಕ್ರೂರವೆಂದು ಕರೆದುಕೊಳ್ಳುವುದಿಲ್ಲ. ಪರಸ್ಪರ ಕಾದಾಡುವ ಎರಡು ಜನಾಂಗಗಳ ನಡುವೆ ಶಾಂತಿಯನ್ನು ಸ್ಥಾಪಿಸುವುದು, ಕಳ್ಳರನ್ನು ಹಿಡಿಯುವುದು, ರಾಜದ್ರೋಹವನ್ನು ಅಡಗಿಸುವುದು ಇವೇ ಆಡುವವನಿಗೆ ಒಪ್ಪಿಸುವ ಕಾರ್ಯಗಳು. ಪ್ರತಿಯೊಂದು ಕಾರ್ಯಕ್ಕೂ ಮೊದಲು ಅಧಿಕಾರಿಯೊಬ್ಬನು ಬಹಿರಂಗವಾದ ಆಜ್ಞೆಯನ್ನು ಕೊಡುವನು; ಮುಸುಕು ಹಾಕಿದ ಇನ್ನೊಬ್ಬನು ಬದಿಯಲ್ಲಿ ನಿಂತು ಚಕ್ರವರ್ತಿಯ ಗುಪ್ತಪರಿವಾರದ ಪರವಾಗಿ ಬೇರೆ ಕೆಲಸಗಳನ್ನು ಪಿಸುಗುಟ್ಟುವನು. ಬಯಸಿದವನು ಅವನ್ನೂ ನೆರವೇರಿಸಿ ಆ ಪರಿವಾರದಲ್ಲಿ ಮೇಲೇರಬಹುದು. ರಾಜ್ಯದ ಒಳಗೊಂದು ರಾಜ್ಯವಿದೆಯೆಂಬುದು ಹೀಗೆ ಉಪದೇಶವಿಲ್ಲದೆ ತಿಳಿಯುವುದು.

ಇದೆಲ್ಲಕ್ಕಿಂತ ತೀಕ್ಷ್ಣವಾದುದು ಒಂದು ಇಲ್ಲದಿರುವಿಕೆ. ಆಡುವವನಿಗೆ ಮೊದಲು ದೊರೆಯುವ ಟೈ ವಿಮಾನಕ್ಕೆ ರಕ್ಷಾಕವಚವಿಲ್ಲ. ಹಿಂದಿನ ಆಟದಲ್ಲಿ ದಂಗೆಕಾರರ ಬಡವಿಮಾನಕ್ಕೂ ಕವಚವಿದ್ದಿತು. ಅಷ್ಟು ದೊಡ್ಡ ಸಾಮ್ರಾಜ್ಯವು ತನ್ನ ಸೈನಿಕನಿಗೆ ಅದನ್ನು ಕೊಟ್ಟಿಲ್ಲ. ಕಾರಣವನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಎರಡು ಪೆಟ್ಟು ತಾಗಿ ವಿಮಾನವು ಸಿಡಿದಾಗ ತನ್ನ ಪ್ರಾಣಕ್ಕೆ ಒಡೆಯನು ಕಟ್ಟಿದ ಬೆಲೆಯೆಷ್ಟೆಂಬುದು ಆಡುವವನಿಗೆ ಗೊತ್ತಾಗುವುದು. ಶಾಂತಿ, ಸುವ್ಯವಸ್ಥೆ ಎಂದು ಅಧಿಕಾರಿಯು ಆಡುವ ವಾಚ್ಯಾರ್ಥವನ್ನು ಈ ಒಂದು ನಿಯಮದ ವ್ಯಂಗ್ಯಾರ್ಥವು ಸದ್ದಿಲ್ಲದೆ ಅಲ್ಲಗಳೆಯುವುದು. ಸೇವೆ ಸಲ್ಲಿಸುತ್ತ ಹೋದಂತೆ ಕವಚವುಳ್ಳ ವಿಮಾನಗಳೂ ದೊರೆಯುವುವು. ಬದುಕಿ ಉಳಿದವನಿಗೆ ಮಾತ್ರ ರಕ್ಷಣೆ! ಚಿತ್ರಮಾಲೆಯಲ್ಲಿ ಸಾಮ್ರಾಜ್ಯದ ದುಷ್ಟತನವನ್ನು ಕಪ್ಪು ವೇಷದಿಂದಲೂ ಭೀಕರವಾದ ಉಸಿರಿನ ಸದ್ದಿನಿಂದಲೂ ತೋರಿಸಬೇಕಾಯಿತು; ಈ ಆಟದಲ್ಲಿ ಅದನ್ನು ತೋರಿಸಲು ಏನೂ ಬೇಕಾಗಲಿಲ್ಲ. ಈ ಒಂದು ಅಂಶದಲ್ಲಿ ಆಶ್ರಿತವು ಆಶ್ರಯವನ್ನು ಮೀರಿದೆಯೆಂದರೆ ಅತ್ಯುಕ್ತಿಯಾಗದು.

ಗದಾಯುದ್ಧವನ್ನು ಹೆಸರಿಸಿದ ಮೇಲೆ ಒಂದು ಪ್ರಾಸಂಗಿಕ ವಿಚಾರ. ಆ ವಸ್ತುವಿನಲ್ಲಿಯೇ ಒಂದು ಆಟದ ನಿಯಮವಿದೆ: ನಾಭಿಯಿಂದ ಕೆಳಗೆ ಹೊಡೆಯಕೂಡದು. ದುರ್ಯೋಧನನು ಅದನ್ನು ನಂಬಿ ನಿಂತನು. ಭೀಮನು ಅದನ್ನು ಮುರಿದು ತೊಡೆಗೆ ಹೊಡೆದು ಗೆದ್ದನು. ನಿಯಮವನ್ನು ಮುರಿಯದೆ ಗೆಲ್ಲಲಾಗದ, ಮುರಿದರೆ ಗೆಲವಿನ ರುಚಿ ಕ್ಷಣಾರ್ಧದಲ್ಲಿ ಕೆಡುವ ಆಟವೊಂದನ್ನು ಊಹಿಸಿದರೆ ರನ್ನನ ಕಾವ್ಯದ ತಿರುಳು ಅದರೊಳಗೆ ಬಂದಂತೆಯೇ. ಕುಶಲರಾದ ಕೆಲಸಗಾರರ ಕೊರತೆ ಈ ನಾಡಿನಲ್ಲಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿತವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಪಾಶ್ಚಾತ್ಯರ ಅನೇಕ ಆಟಗಳಿಗೆ ಚಿತ್ರರಚನೆಯನ್ನು ಮಾಡಿಕೊಟ್ಟು, 2019ರಲ್ಲಿ ರಾಕ್‌ಸ್ಟಾರ್ ಎಂಬ ವಿದೇಶೀ ಸಂಸ್ಥೆಯಲ್ಲಿ ಲೀನವಾಯಿತು. ಪರರ ಆಖ್ಯಾನಗಳಿಗೆ ಬಣ್ಣ ತುಂಬಿದ ಕೈಗಳಿಗೆ ಸ್ವಂತ ಆಖ್ಯಾನವನ್ನು ಒಪ್ಪಿಸುವ ಕವಿಯು ಬೇಕಾಗಿದ್ದಾನೆ.

ಕೆನಡಾ ದೇಶದ ಬಯೋವೇರ್ ಸಂಸ್ಥೆಯ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ 2003ರದು. ಇದು ಚಿತ್ರಗಳ ಕಾಲಕ್ಕಿಂತ ಸುಮಾರು ನಾಲ್ಕು ಸಾವಿರ ವರ್ಷ ಹಿಂದೆ ನಡೆದ ಕಥೆ. ಧನಂಜಯನ ವಿಭಾಗದಲ್ಲಿ ಮಿಶ್ರವಸ್ತು. ಪೂರ್ವವೃತ್ತಾಂತವನ್ನು ಅರಿಯದ ಸಾಮಾನ್ಯಸೈನಿಕನಾಗಿ ಆಡುವವನು ಪ್ರಾರಂಭಿಸಿ, ಸಂಗಡಿಗರನ್ನು ಕೂಡಿಸಿಕೊಂಡು, ಲೋಕಕಂಟಕನಾದ ಮಲಾಕ್ ಎಂಬವನನ್ನು ಬೆನ್ನಟ್ಟುವನು. ಬಹುದೂರ ಸಾಗಿದ ಮೇಲೆ ಒಂದು ಸಂಗತಿ ಬಯಲಾಗುವುದು: ಆ ಮಲಾಕನಿಗೂ ಹಿಂದೆ ಒಡೆಯನಾಗಿದ್ದ, ಸತ್ತನೆಂದು ಎಲ್ಲರೂ ನಂಬಿದ್ದ ರೆವನ್ ಎಂಬ ದುಷ್ಟನು ಬೇರಾರೂ ಅಲ್ಲ, ಆಡುತ್ತಿರುವವನೇ; ಜೆಡೈ ಗುರುಗಳು ಅವನ ನೆನಪನ್ನು ಅಳಿಸಿ ಹೊಸ ಬಾಳನ್ನು ಕೊಟ್ಟಿದ್ದರು.

ವಿಸ್ಮೃತಿ ಮತ್ತು ಅಭಿಜ್ಞಾನಗಳು ಕಾಳಿದಾಸನನ್ನು ಓದಿದವರಿಗೆ ಹೊಸತಲ್ಲ. ಆದರೆ ಶಾಕುಂತಲದಲ್ಲಿ ಶಾಪವು ದುಷ್ಯಂತನಿಗೆ ತಿಳಿಯದೆ ಪ್ರೇಕ್ಷಕನಿಗೆ ತಿಳಿದಿರುವುದು. ಆ ತಿಳಿವಿನಿಂದಲೇ ಐದನೆಯ ಅಂಕದ ಕರುಣವು ಹುಟ್ಟುವುದು. ಇಲ್ಲಿ ಮರೆತವನು ನಾಯಕನೊಬ್ಬನೇ ಅಲ್ಲ, ಆಡುವವನೂ ಮರೆತವನ ಸ್ಥಾನದಲ್ಲಿಯೇ ಇದ್ದನು. ಅದುವರೆಗೆ ಕಂಡ ಕನಸುಗಳು, ಗುರುಗಳ ಅನುಮಾನದ ನೋಟಗಳು, ಎಲ್ಲವೂ ಒಮ್ಮೆಗೆ ಹಿಂದಿರುಗಿ ಬೇರೊಂದು ಅರ್ಥವನ್ನು ಪಡೆಯುವುವು. ನೋಡುವವನಿಗೆ ಆಗುವ ಅದ್ಭುತಕ್ಕಿಂತ ಇದು ಭಿನ್ನವಾದುದು. ‘ಅವನು ಇವನೇ’ ಎಂಬುದು ಅಭಿಜ್ಞಾನ. ‘ಅವನು ನಾನೇ’ ಎಂಬುದನ್ನು ಕಾಶ್ಮೀರಶೈವರ ಮಾತಿನಲ್ಲಿ ಪ್ರತ್ಯಭಿಜ್ಞೆಯೆನ್ನಬೇಕು, ಅವರ ಪ್ರತ್ಯಭಿಜ್ಞೆಯು ಶಿವತ್ವದ್ದು, ಇಲ್ಲಿಯದು ಪಾಪದ್ದು ಎಂಬ ಭೇದವಿದ್ದರೂ. ನಾಟಕವಾಗಲಿ ಚಿತ್ರವಾಗಲಿ ಈ ಉತ್ತಮಪುರುಷದ ಅನುಭವವನ್ನು ಕೊಡಲಾರದು.

ಇಂಥ ಎತ್ತರವನ್ನು ಮುಟ್ಟಿದ ಕೃತಿಯಲ್ಲಿಯೇ ಒಂದು ಅಂಗಡಿಯ ತಕ್ಕಡಿಯೂ ಇದೆ. ಆಡುವವನ ಸುಕೃತ ದುಷ್ಕೃತಗಳನ್ನು ಒಂದು ಅಳತೆಯ ಪಟ್ಟಿಯು ಲೆಕ್ಕಹಾಕುತ್ತಿರುವುದು. ದೀನನಿಗೆ ಹಣ ಕೊಟ್ಟರೆ ಬೆಳಕಿನ ಕಡೆಗೆ ಒಂದಿಷ್ಟು, ಬೆದರಿಸಿದರೆ ಕತ್ತಲೆಯ ಕಡೆಗೆ ಒಂದಿಷ್ಟು. ಧರ್ಮದ ಗತಿ ಸೂಕ್ಷ್ಮವೆಂದು ಭಾರತವು ಸಾರಿದುದನ್ನು ಹೀಗೆ ಮೊಳಹಾಕಿ ಅಳೆದರೆ ಮಿಕ್ಕುವುದು ಲೆಕ್ಕ ಮಾತ್ರ. ರೆವನ್ನನ ರಹಸ್ಯದಲ್ಲಿ ನಿಯಮವು ಧ್ವನಿಯಾಗಿರುವಂತೆ ಇಲ್ಲಿ ಆಗಿಲ್ಲ. ಪುಣ್ಯವೆಂಬ ಹೆಸರನ್ನು ಅಳಿಸಿದರೆ ಅದು ಇನ್ನೊಂದು ಜಾತಿಯ ಅಂಕ.

ಉಳಿದ ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. 1999ರ ‘ಎಪಿಸೋಡ್ 1 ರೇಸರ್’ ಆಟವು ಅದೇ ವರ್ಷದ ಚಿತ್ರದಿಂದ ರಥಸ್ಪರ್ಧೆಯ ಒಂದೇ ಪ್ರಸಂಗವನ್ನು ಕಿತ್ತುಕೊಂಡು ವೇಗವನ್ನು ಮಾತ್ರ ಉಣಬಡಿಸುವುದು. ಹೆಚ್ಚಿನದನ್ನು ಅದು ಹೇಳಿಕೊಳ್ಳುವುದೂ ಇಲ್ಲ. 2005ರ ‘ಲೆಗೊ ಸ್ಟಾರ್ ವಾರ್ಸ್’ ಆಟದಲ್ಲಿ ಪಾತ್ರಗಳೆಲ್ಲ ಮಕ್ಕಳು ಜೋಡಿಸುವ ಇಟ್ಟಿಗೆಗೊಂಬೆಗಳು. ಅವು ಮಾತನಾಡವು, ಗೊಣಗುತ್ತ, ಹೆಗಲು ಕುಣಿಸುತ್ತ ಚಿತ್ರದ ಗಂಭೀರ ಸನ್ನಿವೇಶಗಳನ್ನೇ ಅಭಿನಯಿಸುವುವು. ಯಾವ ರಸವಾದರೂ ಆಭಾಸವಾದಾಗ ಹಾಸ್ಯಕ್ಕೆ ತಿರುಗುವುದೆಂಬ ಅಭಿನವಗುಪ್ತನ ಮಾತಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ವಿದ್ಯಾರ್ಥಿಗಳಿಗೆ ದೊರೆಯುವುದು ಕಷ್ಟ. ಮುರಿದುದನ್ನು ಮತ್ತೆ ಜೋಡಿಸಬಹುದು ಎಂಬ ಅದರ ನಿಯಮದಲ್ಲಿ ಮರಣಕ್ಕೆ ಹೆದರಿಕೆಯಿಲ್ಲ. ಹಾಸ್ಯಕ್ಕೆ ಅದು ಅನುಕೂಲವೇ.

ಇವುಗಳನ್ನು ಅಭ್ಯಾಸ ಮಾಡಹೊರಟವರಿಗೆ ಪಾಠಭೇದದ ತೊಡಕೊಂದು ಎದುರಾಗುವುದು. ‘ಎಕ್ಸ್-ವಿಂಗ್’, ‘ಟೈ ಫೈಟರ್’ ಆಟಗಳ ಮೂಲಪಾಠದಲ್ಲಿ ಐಮ್ಯೂಸ್ ಎಂಬ ಏರ್ಪಾಡಿನಿಂದ ಸಂಗೀತವು ಆಟದ ಗತಿಯನ್ನು ಹಿಂಬಾಲಿಸುತ್ತಿತ್ತು. ಶತ್ರುವಿನ ನೌಕೆ ಬಂದರೆ ರಾಗವು ಒಡೆಯದೆಯೇ ತಿರುಗುವುದು; ಸ್ವಪಕ್ಷದ ನೆರವು ಬಂದರೆ ಮತ್ತೊಂದು ವರಸೆ. ದೊಡ್ಡಾಟದಲ್ಲಿ ಭಾಗವತನೂ ಮದ್ದಳೆಯವನೂ ವೇಷಧಾರಿಯ ಹೆಜ್ಜೆಯನ್ನು ನೋಡಿಕೊಂಡು ಪೆಟ್ಟನ್ನು ಏರಿಸಿ ಇಳಿಸುವ ಹಾಗೆಯೇ ಇದು. ನಿಜಸುಖಾದಿವಿವಶೀಭಾವವೆಂಬ ವಿಘ್ನಕ್ಕೆ ಅಭಿನವಗುಪ್ತನು ಹೇಳಿದ ಪರಿಹಾರಗಳಲ್ಲಿ ಗೀತವಾದ್ಯಗಳೇ ಮುಖ್ಯವೆಂಬುದನ್ನು ನೆನೆದರೆ ಈ ಏರ್ಪಾಡು ಅಲಂಕಾರಮಾತ್ರವಲ್ಲವೆಂದು ತಿಳಿಯುವುದು. 1998ರಲ್ಲಿ ಈ ಆಟಗಳ ಹೊಸ ಪಾಠವು ಹೊರಬಂದಾಗ ಚಿತ್ರಗಳು ನಯವಾದುವು. ಸಂಗೀತಕ್ಕೆ ಮಾತ್ರ ಚಿತ್ರದ ಧ್ವನಿಮುದ್ರಣವನ್ನೇ ಹಾಕಿದರು. ಅದು ಕೇಳಲು ಇಂಪಾಗಿದ್ದರೂ ಆಡುವವನನ್ನು ಕಣ್ಣೆತ್ತಿ ನೋಡುವುದಿಲ್ಲ. 2014ರಲ್ಲಿ ಗಾಗ್ ಎಂಬ ಮಾರಾಟಗಾರರು ಎರಡು ಪಾಠಗಳನ್ನೂ ಒಟ್ಟಾಗಿ ದೊರೆಯುವಂತೆ ಮಾಡಿದರು. ನಯವಾದುದನ್ನು ಕಂಡು ಹೊಸ ಪಾಠವನ್ನೇ ಆರಿಸಿಕೊಳ್ಳುವವರು ಹೆಚ್ಚು. ತರಗತಿಯಲ್ಲಿ ತೋರಿಸಬೇಕಾದುದು ಹಳೆಯ ಪಾಠ.